ಮುಖ ಎರಡೂ ಕಪ್ಪು, ಪ್ರಶ್ನೆ ಯಾರದು?

ಎಲೆಕ್ಷನ್ ಮುಗಿದ ಮಾರನೇ ದಿನ ಪೇಪರಿನವರು ನಮ್ಮನ್ನು ಎಣಿಸಲು ಕೂರುತ್ತಾರೆ. ಇಂಥ ಜಾತಿ ಇಷ್ಟು ಪರ್ಸೆಂಟು, ಇಂಥವರು ಅತ್ತ ವಾಲಿದರು, ಇಂಥವರು ಇತ್ತ ವಾಲಿದರು ಅಂತ. ಸಂತೆಯಲ್ಲಿ ಕುರಿ ಎಣಿಸಿದ ಹಾಗೆ. ಗೆಲುವಿನ ಅಂತರ ದೊಡ್ಡದಿದ್ದರೆ ನಾವು ಯಾರಿಗೂ ಬೇಡ. ಅಂತರ ಸಣ್ಣದಾಗಲಿ, ಕೇರಿಯ ದಾರಿ ಎಲ್ಲ ಧಣಿಗಳಿಗೂ ನೆನಪಾಗುತ್ತದೆ.

ಇದು ನಮ್ಮ ದೇಶದ ಆಟ ಮಾತ್ರ ಅಲ್ಲ. ಅಮೆರಿಕದ ಕಪ್ಪು ಜನರನ್ನೂ ಹೀಗೇ ಎಣಿಸುತ್ತಾರೆ. ಆ ಜನ ಕೊಟ್ಟ ಉತ್ತರವನ್ನು ನಾವು ಓದಬೇಕು. 1946ರಲ್ಲಿ ಬಾಬಾಸಾಹೇಬರು ಕಪ್ಪು ಜನರ ದೊಡ್ಡ ವಿದ್ವಾಂಸ ಡುಬಾಯ್ಸ್ ಅವರಿಗೆ ಪತ್ರ ಬರೆದಿದ್ದರು. ಕಪ್ಪು ಜನ ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ಪ್ರತಿ ಬೇಕು ಎಂದು ಕೇಳಿದ್ದರು. ಆ ಡುಬಾಯ್ಸ್ ವರ್ಷಗಟ್ಟಲೆ ಪಾಠ ಹೇಳಿದ ಊರು ಅಟ್ಲಾಂಟಾ. ಅದು ಜಾರ್ಜಿಯಾ ರಾಜ್ಯದ ರಾಜಧಾನಿ. ನಾವು ಹೇಳುತ್ತಿರುವುದು ಆ ಜಾರ್ಜಿಯಾದ ಕತೆ.

ಜಾರ್ಜಿಯಾ ಹತ್ತಿಯ ನಾಡು. ಗುಲಾಮರ ಬೆವರು ಕುಡಿದು ಬೆಳೆದ ಹತ್ತಿ. ಮಾರ್ಟಿನ್ ಲೂಥರ್ ಕಿಂಗ್ ಹುಟ್ಟಿದ ನೆಲವೂ ಅದೇ. ಇವತ್ತು ಅಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಕಪ್ಪು ಜನ, ಅರ್ಧದಷ್ಟು ಬಿಳಿಯರು, ಮಿಕ್ಕವರು ಲ್ಯಾಟಿನೋ, ಏಷ್ಯಾ ಮೂಲದವರು. 2020ರಲ್ಲಿ ಸುಮಾರು 50 ಲಕ್ಷ ಓಟು ಬಿದ್ದು, ಅಧ್ಯಕ್ಷ ಪದವಿಗೆ ನಿಂತ ಬೈಡನ್ ಅಲ್ಲಿ ಗೆದ್ದದ್ದು ಬರೀ 11,779 ಓಟಿನಿಂದ. ತಕ್ಕಡಿ ಮುಳ್ಳಿನ ಹಾಗೆ ಅತ್ತಿತ್ತ ತೂಗುವ ರಾಜ್ಯ.

ನಮ್ಮಲ್ಲಿ ಮಧ್ಯಂತರ ಚುನಾವಣೆ ಅಂದರೆ ಸರ್ಕಾರ ಬಿತ್ತು ಅಂತ ಅರ್ಥ. ಅವರಲ್ಲಿ ಹಾಗಲ್ಲ. ಅಧ್ಯಕ್ಷನ ನಾಲ್ಕು ವರ್ಷದ ನಟ್ಟನಡುವೆ ಅದು ಬಂದೇ ಬರುತ್ತದೆ. ಕೆಳಮನೆಯ ಎಲ್ಲ ಸೀಟಿಗೂ, ಸೆನೆಟ್ ಎಂಬ ಮೇಲ್ಮನೆಯ ಮೂರರಲ್ಲಿ ಒಂದು ಪಾಲಿಗೂ ಓಟು ನಡೆಯುತ್ತದೆ. 2022ರ ನವೆಂಬರ್ 8ರಂದು ಜಾರ್ಜಿಯಾದ ಒಂದು ಸೆನೆಟ್ ಸೀಟಿಗೆ ಇಬ್ಬರು ಎದುರಾದರು. ಒಬ್ಬರು ರಫೇಲ್ ವಾರ್ನಾಕ್, ಡೆಮಾಕ್ರಟ್ ಪಕ್ಷ. ಕಿಂಗ್ ಅವರು ಪಾದ್ರಿಯಾಗಿದ್ದ ಎಬನೀಜರ್ ಚರ್ಚಿನ ಪಾದ್ರಿ. 2021ರ ಜನವರಿಯಲ್ಲಿ ಗೆದ್ದು ಜಾರ್ಜಿಯಾದ ಮೊದಲ ಕಪ್ಪು ಸೆನೆಟರ್ ಆದವರು. ಇನ್ನೊಬ್ಬರು ಹರ್ಷಲ್ ವಾಕರ್, ರಿಪಬ್ಲಿಕನ್ ಪಕ್ಷ. ಹೆಸರಾಂತ ಫುಟ್‌ಬಾಲ್ ಆಟಗಾರ. ಟ್ರಂಪ್ ಬೆನ್ನಿಗೆ ನಿಂತ ಮನುಷ್ಯ. ಇಬ್ಬರೂ ಕಪ್ಪು ಜನ!

ನೋಡಿದಿರಾ ಲೆಕ್ಕಾಚಾರ? ಕಪ್ಪು ಓಟು ಬೇಕು, ಕಪ್ಪು ಜನರ ಪ್ರಶ್ನೆ ಬೇಡ. ಹಾಗಾದರೆ ಒಂದು ಕಪ್ಪು ಮುಖ ತಂದು ನಿಲ್ಲಿಸಿ! ಈ ವಿದ್ಯೆ ನಮಗೆ ಹೊಸದೇನಲ್ಲ. 1932ರ ಪೂನಾ ಒಪ್ಪಂದದಿಂದ ಇವತ್ತಿನವರೆಗೆ ನಾವು ಇದನ್ನು ಕಂಡಿದ್ದೇವೆ. ಮೀಸಲು ಕ್ಷೇತ್ರದಲ್ಲಿ ನಿಲ್ಲುವವರೆಲ್ಲ ನಮ್ಮವರೇ. ಗೆಲ್ಲಿಸುವ ಓಟು ಬಹುಪಾಲು ಬೇರೆಯವರದು. ಗೆದ್ದವನು ಯಾರ ಋಣ ತೀರಿಸುತ್ತಾನೆ? ಪ್ರತ್ಯೇಕ ಮತದಾನ ಕೇಳಿದಾಗ ಬಾಬಾಸಾಹೇಬರು ಇದೇ ಪ್ರಶ್ನೆ ಎತ್ತಿದ್ದರು.

ಜಾರ್ಜಿಯಾದ ಕಪ್ಪು ಜನ ಏನು ಮಾಡಿದರು? ಓಟು ಹಾಕಿ ಹೊರಬಂದವರನ್ನು ಕೇಳಿ ಮಾಡಿದ ಸಮೀಕ್ಷೆಯ ಪ್ರಕಾರ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ವಾರ್ನಾಕ್ ಕಡೆ ನಿಂತರು. ಬಿಳಿಯರಲ್ಲಿ ಹತ್ತಕ್ಕೆ ಸುಮಾರು ಏಳು ಮಂದಿ ವಾಕರ್ ಕಡೆ. ಕಪ್ಪು ಮನುಷ್ಯನನ್ನು ಹೆಚ್ಚಾಗಿ ಬಿಳಿಯರು ಮೆಚ್ಚಿದರು, ಕಪ್ಪು ಜನ ಒಲ್ಲೆ ಅಂದರು! ಚರ್ಮ ನೋಡಿ ಓಟು ಒತ್ತುವ ಮಂದೆ ಅಂತ ಇವರನ್ನು ಕರೆದವರು ಈ ಲೆಕ್ಕಕ್ಕೆ ಉತ್ತರ ಹೇಳಲಿ. ಅವರು ಮುಖ ನೋಡಲಿಲ್ಲ. ಆ ಬಾಯಿ ಯಾರ ಮಾತು ಆಡುತ್ತದೆ ಎಂದು ನೋಡಿದರು.

ಮೊದಲ ಸುತ್ತಿನಲ್ಲಿ ವಾರ್ನಾಕ್ ಸುಮಾರು 37,000 ಓಟು ಮುಂದಿದ್ದರು. ನಮ್ಮ ನಿಯಮದಲ್ಲಾಗಿದ್ದರೆ ಅಲ್ಲಿಗೆ ಗೆದ್ದ ಹಾಗೆ. ಅಲ್ಲಿ ಸಾಲದು. ನೂರಕ್ಕೆ ಐವತ್ತು ದಾಟಬೇಕು, ಇಲ್ಲದಿದ್ದರೆ ಎರಡನೇ ಸುತ್ತು. ಈ ನಿಯಮ ಬಂದದ್ದು 1964ರಲ್ಲಿ. ತಂದದ್ದರಲ್ಲಿ ಮುಖ್ಯನಾದವನು ಡೆನ್ಮಾರ್ಕ್ ಗ್ರೂವರ್ ಎಂಬ ಶಾಸಕ. 1958ರಲ್ಲಿ ಕಪ್ಪು ಜನರ ಓಟು ಒಟ್ಟಾಗಿ ಬಿದ್ದು ಸೋತ ಸಿಟ್ಟು ಅವನಿಗಿತ್ತು. ಬಿಳಿಯರ ಓಟು ಮೂರು ನಾಲ್ಕು ಜನಕ್ಕೆ ಹಂಚಿಹೋಗಿ, ಕಪ್ಪು ಜನರ ಓಟು ಒಬ್ಬನಿಗೇ ಬಿದ್ದರೆ ಅವನು ಗೆದ್ದುಬಿಡುತ್ತಾನಲ್ಲ! ಎರಡನೇ ಸುತ್ತು ಇದ್ದರೆ ಬಿಳಿಯರು ಮತ್ತೆ ಒಂದಾಗಬಹುದು. ತನ್ನ ರಾಜಕೀಯದಲ್ಲಿ ವರ್ಣದ್ವೇಷ ಇತ್ತು ಎಂದು ಆತನೇ ಆಮೇಲೆ ಒಪ್ಪಿಕೊಂಡ. ಎಣಿಕೆಯಲ್ಲಿ ಸೋತವರು ಎಣಿಸುವ ನಿಯಮವನ್ನೇ ಬದಲಿಸುತ್ತಾರೆ, ಗೆಳೆಯರೇ.

ನಿಯಮ ಒಂದೇ ಅಲ್ಲ, ಪಟ್ಟಿಯೂ ಅವರದೇ. 2018ರ ನಡುಗಾಲದ ಚುನಾವಣೆಯಲ್ಲಿ ಗವರ್ನರ್ ಹುದ್ದೆಗೆ ಸ್ಟೇಸಿ ಏಬ್ರಮ್ಸ್ ಎಂಬ ಕಪ್ಪು ಹೆಣ್ಣುಮಗಳು ನಿಂತರು. ಎದುರಾಳಿ ಬ್ರಯನ್ ಕೆಂಪ್. ಆ ಕೆಂಪ್ ಯಾರು? ಚುನಾವಣೆ ನಡೆಸುವ ಇಲಾಖೆಯ ಮುಖ್ಯಸ್ಥ! ಆಡುವವನೂ ಅವನೇ, ಸೀಟಿ ಊದುವವನೂ ಅವನೇ. ಆಗ ಸುಮಾರು 53,000 ಅರ್ಜಿಗಳು ಬಾಕಿ ಬಿದ್ದಿದ್ದವು, ಅದರಲ್ಲಿ ನೂರಕ್ಕೆ 70ರಷ್ಟು ಕಪ್ಪು ಜನರವು. ಕಾರಣ? ಒಂದು ದಾಖಲೆಯ ಹೆಸರಿಗೂ ಇನ್ನೊಂದು ದಾಖಲೆಯ ಹೆಸರಿಗೂ ಒಂದಕ್ಷರ, ಒಂದು ಅಡ್ಡಗೀಟು ವ್ಯತ್ಯಾಸ! ಸ್ಕೂಲ್ ರಿಜಿಸ್ಟರಿನಲ್ಲಿ ಮೇಷ್ಟರು ಬರೆದ ಹೆಸರೊಂದು, ರೇಷನ್ ಕಾರ್ಡಿನ ಹೆಸರೊಂದು ಆದ ನಮ್ಮ ಕೇರಿಯ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾ? ಗುರುತು ತೋರಿಸಿದರೆ ಅವರೂ ಓಟು ಹಾಕಬಹುದಿತ್ತು ಅಂತ ಕೆಂಪ್ ಕಡೆಯವರ ವಾದ. ಇರಲಿ. ಆದರೆ ಬಾಗಿಲಲ್ಲಿ ನಿಲ್ಲಿಸಿ ಮತ್ತೆ ಮತ್ತೆ ಗುರುತು ಕೇಳುವುದು ಯಾರನ್ನು? ಏಬ್ರಮ್ಸ್ ಸೋತದ್ದು ಸುಮಾರು 55,000 ಓಟಿನಿಂದ.

ಇನ್ನು ನೀರಿನ ಮಾತು. 1965ರ ಮತದಾನ ಹಕ್ಕು ಕಾಯ್ದೆಯಡಿ ಜಾರ್ಜಿಯಾದಂಥ ರಾಜ್ಯಗಳು ಚುನಾವಣೆಯ ನಿಯಮ ಬದಲಿಸಬೇಕಾದರೆ ಮೊದಲು ಕೇಂದ್ರದ ಒಪ್ಪಿಗೆ ಪಡೆಯಬೇಕಿತ್ತು. 2013ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಆ ಕಾವಲನ್ನು ಕಿತ್ತುಹಾಕಿತು. ಕಾವಲು ಹೋದ ಮೇಲೆ 2021ರಲ್ಲಿ ಜಾರ್ಜಿಯಾ ಹೊಸ ಕಾನೂನು ತಂದಿತು. ಮತಗಟ್ಟೆಯ 150 ಅಡಿಯೊಳಗೆ, ಸಾಲಿನಲ್ಲಿ ನಿಂತವರ 25 ಅಡಿಯೊಳಗೆ ಅವರಿಗೆ ಊಟ, ನೀರು ಹಂಚಿದರೆ ಅಪರಾಧ! ಆಮಿಷ ತಡೆಯಲಿಕ್ಕೆ ಅಂತ ಅವರ ಸಬೂಬು. ಗಂಟೆಗಟ್ಟಲೆ ಸಾಲು ನಿಂತವರಿಗೆ ಒಂದು ಬಾಟಲಿ ನೀರು ಆಮಿಷವಾ? 1927ರಲ್ಲಿ ಮಹಾಡ್‌ನ ಕೆರೆಯ ನೀರು ಕುಡಿದು ಪೆಟ್ಟು ತಿಂದವರ ಮಕ್ಕಳು ನಾವು. ನೀರಿಗೆ ಬೇಲಿ ಹಾಕುವವರ ಮನಸ್ಸು ಯಾವ ದೇಶದಲ್ಲಿದ್ದರೂ ನಮಗೆ ಗುರುತು ಸಿಗುತ್ತದೆ.

ಅದೇ ಕಾನೂನು ಎರಡನೇ ಸುತ್ತಿನ ಒಂಬತ್ತು ವಾರದ ಕಾಲಾವಕಾಶವನ್ನು ನಾಲ್ಕು ವಾರಕ್ಕೆ ಇಳಿಸಿತು. 2022ರ ಎರಡನೇ ಸುತ್ತಿನಲ್ಲಿ, ಕೂಲಿಯವರಿಗೆ ಬಿಡುವು ಸಿಗುವ ಶನಿವಾರ ಮುಂಗಡ ಮತದಾನ ಇಲ್ಲ ಅಂದರು. ಯಾಕೆ? ಹಿಂದಿನ ದಿನ ಸರ್ಕಾರಿ ರಜೆಯಂತೆ. ಯಾವ ರಜೆ? ಗುಲಾಮಗಿರಿ ಉಳಿಸಲು ಯುದ್ಧ ಮಾಡಿದ ದಂಡನಾಯಕ ರಾಬರ್ಟ್ ಲೀ ಹುಟ್ಟುಹಬ್ಬದ ಹೆಸರಲ್ಲಿ ಶುರುವಾದ ರಜೆ. 2015ರಲ್ಲಿ ಹೆಸರು ಮಾತ್ರ ಅಳಿಸಿದ್ದರು. ವಾರ್ನಾಕ್ ಕಡೆಯವರು ಕೋರ್ಟಿಗೆ ಹೋದರು, ಗೆದ್ದರು. ಆ ಶನಿವಾರ ಹತ್ತಾರು ಸಾವಿರ ಜನ ಬಂದು ಓಟು ಹಾಕಿದರು. ಡಿಸೆಂಬರ್ 6ರಂದು ವಾರ್ನಾಕ್ ಸುಮಾರು 99,000 ಓಟಿನಿಂದ ಗೆದ್ದರು. ಕಪ್ಪು ಜನರನ್ನು ಸೋಲಿಸಲು ಕಟ್ಟಿದ ಎರಡನೇ ಸುತ್ತಿನಲ್ಲೇ ಅವರ ಗೆಲುವು!

ಇದು ಸುಮ್ಮನೆ ಬಂದ ಗೆಲುವಾ? 1943ರಲ್ಲೇ ಜಾರ್ಜಿಯಾ 18 ವರ್ಷಕ್ಕೆ ಓಟು ಕೊಟ್ಟಿತು, ಆ ದೇಶದಲ್ಲೇ ಮೊದಲು. ಆದರೆ ಪಕ್ಷದೊಳಗಿನ ಆಯ್ಕೆಯ ಓಟು ಬಿಳಿಯರಿಗೆ ಮಾತ್ರ. 1944ರಲ್ಲಿ ಪ್ರೈಮಸ್ ಕಿಂಗ್ ಎಂಬ ಕ್ಷೌರಿಕರು ಓಟು ಹಾಕಲು ಹೋದರೆ ಹೊರಗಟ್ಟಿದರು. ಅವರು ಕೇಸು ಹಾಕಿ 1946ರಲ್ಲಿ ಆ ಬಾಗಿಲು ಒಡೆದರು. 1960ರಲ್ಲಿ ಅಟ್ಲಾಂಟಾದ ಕಾಲೇಜು ಹುಡುಗ ಹುಡುಗಿಯರು ಬೀದಿಗಿಳಿದರು. ಅವರಲ್ಲೊಬ್ಬರಾದ ಜೂಲಿಯನ್ ಬಾಂಡ್ 25ನೇ ವಯಸ್ಸಿಗೆ ಶಾಸನಸಭೆಗೆ ಆರಿಸಿಬಂದರು. ವಿಯೆಟ್ನಾಂ ಯುದ್ಧ ವಿರೋಧಿಸಿದ್ದಕ್ಕೆ ಸಭೆ ಅವರನ್ನು ಒಳಗೆ ಬಿಡಲಿಲ್ಲ. 1966ರಲ್ಲಿ ಸುಪ್ರೀಂ ಕೋರ್ಟೇ ಒಳಗೆ ಕೂರಿಸಬೇಕಾಯಿತು. ಅರ್ಧ ಶತಮಾನದ ಮೇಲೆ ಏಬ್ರಮ್ಸ್ ಮತ್ತು ಸಂಗಾತಿಗಳು ಮನೆಮನೆ ಹತ್ತಿ ಹೆಸರು ಸೇರಿಸಿದರು. ತಲೆ ಇದ್ದ ಮಾತ್ರಕ್ಕೆ ಓಟಾಗುವುದಿಲ್ಲ. ತಲೆ ಪಟ್ಟಿಗೆ ಹತ್ತಬೇಕು, ಪಟ್ಟಿ ಮತಗಟ್ಟೆಗೆ ಬರಬೇಕು.

ಹಾಗಂತ ಕುಣಿದಾಡುವುದು ಬೇಡ. ಅದೇ 2022ರಲ್ಲಿ ಏಬ್ರಮ್ಸ್ ಮತ್ತೆ ಸೋತರು, ಈ ಸಲ ಏಳೂವರೆ ಪರ್ಸೆಂಟಿನಷ್ಟು ಅಂತರದಿಂದ. ಕೆಂಪ್ ಅವರಿಗೆ ವಾಕರ್‌ಗಿಂತ ಸುಮಾರು 2 ಲಕ್ಷ ಓಟು ಹೆಚ್ಚು ಬಿದ್ದಿತ್ತು. 2024ರಲ್ಲಿ ಟ್ರಂಪ್ ಆ ರಾಜ್ಯ ಗೆದ್ದರು. ಮೂರರಲ್ಲಿ ಒಂದು ಪಾಲು ಒಂಟಿಯಾಗಿ ಗೆಲ್ಲದು, ಜೊತೆಗಾರರು ಬೇಕು. ಆದರೆ ಜೊತೆ ಬೇಕು ಅಂತ ನಮ್ಮ ಪ್ರಶ್ನೆಯನ್ನು ಅಡವಿಟ್ಟರೆ ಗೆದ್ದೂ ಸೋತ ಹಾಗೆ.

ಹಾಸ್ಟೆಲಿನ ಗೆಳೆಯರೇ, 2004ರಲ್ಲಿ ನಮ್ಮ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಮೀಸಲು ಕ್ಷೇತ್ರದ ಗೆಲುವಿನ ಅಂತರ ಎಷ್ಟು ಗೊತ್ತಾ? 1 ಓಟು. ಒಂದೇ ಒಂದು! ಒಂದು ಹಾಸ್ಟೆಲ್ ರೂಮಿನಲ್ಲಿ ಅದಕ್ಕಿಂತ ಹೆಚ್ಚು ಓಟು ಮಲಗಿರುತ್ತದೆ. ನಮ್ಮಲ್ಲಿ ಎಷ್ಟು ಜನರ ಹೆಸರು ಪಟ್ಟಿಯಲ್ಲಿದೆ? ಊರಲ್ಲಾದರೂ ಸರಿ, ಹಾಸ್ಟೆಲ್ ವಿಳಾಸದಲ್ಲಾದರೂ ಸರಿ, ಒಂದು ಕಡೆ ಸೇರಿಸಬಹುದು. ನಮೂನೆ 6 ತುಂಬಬೇಕು. ಹೆಸರು ತಪ್ಪಿದ್ದರೆ ನಮೂನೆ 8. ಬೇಸಿಗೆ ರಜಕ್ಕೆ ಊರಿಗೆ ಹೋದಾಗ ಕೇರಿಯ ಪಟ್ಟಿಯನ್ನು ಮನೆಮನೆಗೆ ಓದಿ ಹೇಳೋಣ. ಯಾರ ಹೆಸರು ಬಿಟ್ಟಿದೆ, ಯಾರು ಬಿಡಿಸಿದರು, ಕೇಳೋಣ.

ಆಮೇಲೆ ನಮ್ಮ ಮುಖದವನೊಬ್ಬ ಕೈಮುಗಿದು ಕೇರಿಗೆ ಬಂದಾಗ ಒಂದೇ ಮಾತು ಕೇಳೋಣ: ಅಣ್ಣಾ, ಮುಖ ನಮ್ಮದೇ, ಒಪ್ಪಿದೆವು. ನಾಲಿಗೆ ಯಾರದು?

ಜೈ ಭೀಮ್.