ಕಾಲರಿನ ಕ್ಯಾನ್ವಾಸು ಕೌದಿಗೆ ಬೇಡ

ಗೋಕಾಕ, ಮೂಡಲಗಿ, ಹುಕ್ಕೇರಿಯ ಪೇಟೆಯಲ್ಲಿ ಹೊಲಿಗೆ ಸಾಮಾನಿನ ಅಂಗಡಿಗೆ ಹೋಗಿ ‘ಇಸ್ತ್ರಿಗೆ ಅಂಟೂ ಕ್ಯಾನ್ವಾಸ್ ಕೊಡ್ರಿ’ ಎಂದರೆ ಸಾಮಾನ್ಯವಾಗಿ ಕೈಗೆ ಬರುವುದು ಅಂಗಿಯ ಕಾಲರಿನದು. ಅಂಗಡಿಯವರ ತಪ್ಪಲ್ಲ, ಅವರ ಗಿರಾಕಿ ಟೇಲರು. ಕಾಲರು ನೆಟ್ಟಗೆ ನಿಲ್ಲಬೇಕು, ವರ್ಷಗಟ್ಟಲೆ ನಿಲ್ಲಬೇಕು. ಆದರೆ ಫೋನಿನಲ್ಲಿ ವಿಡಿಯೊ ನೋಡಿ ಕೌದಿಯ ಮೇಲೆ ಗಿಳಿ, ಮಾವಿನಕಾಯಿ, ಹೂವಿನ ಆಕಾರದ ತುಂಡುಗಳನ್ನು ಕೂರಿಸಲು ಹೊರಟವರಿಗೆ ಬೇಕಾದದ್ದು ಬೇರೆ.

ಈ ಕ್ಯಾನ್ವಾಸಿನಲ್ಲಿ ಇರುವುದು ಎರಡೇ: ಒಂದು ಆಧಾರದ ಬಟ್ಟೆ, ಅದರ ಒಂದು ಮಗ್ಗುಲಿಗೆ ಸಣ್ಣ ಸಣ್ಣ ಚುಕ್ಕೆಗಳಾಗಿ ಕೂತ ಅಂಟು. ಬೆರಳಾಡಿಸಿದರೆ ಆ ಮಗ್ಗುಲು ಒರಟು, ಬೆಳಕಿಗೆ ಹಿಡಿದರೆ ಮಿಂಚುತ್ತದೆ. ಅಂಟು ಎಂದರೆ ಗೋಂದಲ್ಲ, ಪ್ಲಾಸ್ಟಿಕ್. ಪಾಲಿಥೀನ್, ನೈಲಾನ್ ಜಾತಿಯ ಪಾಲಿಅಮೈಡ್, ಪಾಲಿಯೆಸ್ಟರ್ ಇವುಗಳಲ್ಲಿ ಯಾವುದಾದರೊಂದು. ಇಸ್ತ್ರಿಯ ಕಾವಿಗೆ ಕರಗಿ, ಒತ್ತಡಕ್ಕೆ ಬಟ್ಟೆಯ ಎಳೆಗಳೊಳಗೆ ಇಳಿದು, ಆರಿದ ಮೇಲೆ ಹಿಡಿದುಕೊಳ್ಳುತ್ತದೆ. ಆಧಾರದ ಬಟ್ಟೆ ನೇಯ್ದದ್ದಿರಬಹುದು, ನೇಯದೆ ಎಳೆಗಳನ್ನು ಒತ್ತಿ ಹಾಳೆ ಮಾಡಿದ್ದೂ ಇರಬಹುದು. ಎರಡನೆಯದಕ್ಕೆ ಟೇಲರುಗಳು ಪೇಪರ್ ಕ್ಯಾನ್ವಾಸ್ ಎನ್ನುತ್ತಾರೆ. ಇವೆರಡೂ ಅಲ್ಲದ ಮೂರನೆಯದೊಂದಿದೆ. ಅದರಲ್ಲಿ ಆಧಾರದ ಬಟ್ಟೆಯೇ ಇಲ್ಲ, ಕಾಗದದ ಮೇಲೆ ಜೇಡರ ಬಲೆಯಂಥ ಬರೀ ಅಂಟಿನ ಪದರ. ಕಾಗದ ಸುಲಿದರೆ ಎರಡೂ ಕಡೆ ಹಿಡಿಯುತ್ತದೆ. ಆನ್‌ಲೈನಿನಲ್ಲಿ ಇದನ್ನು ಫ್ಯೂಸಿಬಲ್ ವೆಬ್, ಬಾಂಡವೆಬ್ ಎಂಬ ಹೆಸರುಗಳಲ್ಲಿ ಮಾರುತ್ತಾರೆ.

ಯಾವುದನ್ನು ಆರಿಸಬೇಕೆಂದು ಕೇಳುವ ಮೊದಲು, ಅದರ ಕೆಲಸ ಎಲ್ಲಿಯವರೆಗೆ ಎಂದು ಕೇಳಿಕೊಳ್ಳಬೇಕು. ಕಾಲರಿನೊಳಗಿನ ಕ್ಯಾನ್ವಾಸಿಗೆ ಅಂಗಿ ಹರಿಯುವವರೆಗೂ ಕೆಲಸ. ಕೌದಿಯ ಮೇಲಿನ ತುಂಡಿನಲ್ಲಿ ಅಂಟಿಗಿರುವ ಕೆಲಸ ಅಂಚು ಹೊಲಿದು ಮುಗಿಯುವವರೆಗೆ ಮಾತ್ರ. ಆಮೇಲೆ ತುಂಡನ್ನು ಹಿಡಿದಿಡುವುದು ದಾರ. ಕೌದಿಯಲ್ಲಂತೂ ಒಂದೊಂದು ಬೆರಳಿನ ಅಂತರಕ್ಕೆ ಸಾಲುಸಾಲಾಗಿ ಓಡುವ ಹೊಲಿಗೆ ಎಲ್ಲ ಪದರಗಳನ್ನೂ ಕಚ್ಚಿ ಹಿಡಿಯುತ್ತದೆ. ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಹೆಂಗಸರ ಕವದಿ ನೋಡಿ. ಹೊರ ಅಂಚಿನಿಂದ ಶುರು ಮಾಡಿ, ತುಂಡಿನ ಬಾಯನ್ನು ಬೆರಳಿನಿಂದಲೇ ಮಡಚುತ್ತ, ಸುತ್ತುಸುತ್ತಾಗಿ ನಡುವಿಗೆ ಹೊಲಿಯುತ್ತ ಬರುತ್ತಾರೆ. ಅಂಟಿಲ್ಲ, ಇಸ್ತ್ರಿಯಿಲ್ಲ, ತುಂಡು ಜಾರುವುದೂ ಇಲ್ಲ. ಹಾಗಾಗಿ ಆಯ್ಕೆಯ ಸೂತ್ರ ಸರಳ: ಸಿಕ್ಕುವುದರಲ್ಲಿ ಅತಿ ತೆಳುವಾದದ್ದು, ಅದನ್ನೂ ಆದಷ್ಟು ಕಡಿಮೆ.

ದಪ್ಪದ್ದು ಹಾಕಿದರೆ ಏನಾಗುತ್ತದೆ? ಮೊದಲು ಪೆಟ್ಟು ತಿನ್ನುವುದು ಬೆರಳು. ಹಳೆಯ ಸೀರೆ, ಧೋತರದ ನಾಲ್ಕೈದು ಪದರ ದಾಟುವ ಸೂಜಿಗೆ ಪ್ಲಾಸ್ಟಿಕ್ಕಿನ ಪದರವೂ ಸೇರಿದರೆ ಅದು ಬಿಗಿಯಾಗಿ ಸಿಕ್ಕಿಕೊಳ್ಳುತ್ತದೆ, ಅಂಟು ಮೆತ್ತಿ ದಾರ ಉಜ್ಜಿ ಎಳೆಬಿಡುತ್ತದೆ. ಅದಕ್ಕಿಂತ ದೊಡ್ಡದು ಒಗೆಯುವ ಪ್ರಶ್ನೆ. ನಮ್ಮ ಕಡೆ ಮಹಾನವಮಿಯ ಮುಂಚೆ ಮನೆಯ ಹಾಸಿಗೆ ಹೊದಿಕೆಯೆಲ್ಲ ಹೊರಬಿದ್ದು ಘಟಪ್ರಭೆಗೋ ಹಿರಣ್ಯಕೇಶಿಗೋ ಕಾಲುವೆಗೋ ಹೋಗುತ್ತವೆ. ಸೋಡಾ ಹಾಕಿದ ಬಿಸಿನೀರಿನಲ್ಲಿ ನೆನೆಸಿ, ಬಂಡೆಗೆ ಬಡಿದು, ಇಬ್ಬರು ಹಿಡಿದು ಹಿಂಡುವ ಒಗೆತ ಅದು. ಪ್ಯಾಕೆಟ್ಟಿನ ಮೇಲೆ ‘ಒಗೆಯಬಹುದು’ ಎಂದು ಬರೆದವರ ಕಣ್ಣಮುಂದೆ ಇದ್ದದ್ದು ವಾಷಿಂಗ್ ಮೆಷಿನ್ನೇ ಹೊರತು ಈ ಬಂಡೆಯಲ್ಲ. ಅಗ್ಗದ ಅಂಟು ಅಲ್ಲಲ್ಲಿ ಬಿಟ್ಟುಕೊಂಡು ತುಂಡಿನ ನಡುವೆ ಗುಳ್ಳೆ ಏಳುತ್ತದೆ. ಗಟ್ಟಿ ಅಂಟು ಬಿಡದೇ ಉಳಿದರೆ ಆ ಜಾಗ ಹೊದ್ದವರ ಗದ್ದಕ್ಕೆ ರಟ್ಟಿನ ಹಾಗೆ ತಾಗುತ್ತದೆ. ಒಗೆದಷ್ಟೂ ಮೆತ್ತಗಾಗುವ ಹೊದಿಕೆಯಲ್ಲಿ ಎರಡೂ ಬೇಡ.

ಅಂಟು ಬೇಡವೇ ಬೇಡ ಎನ್ನುತ್ತಿಲ್ಲ. ಗಿಳಿಯ ಕೊಕ್ಕು, ಎಲೆಯ ಮೊನೆಯಂಥ ಕಡೆ ಹತ್ತಿಯ ತುಂಡು ಎಳೆಬಿಟ್ಟು ಸತಾಯಿಸುವಾಗ ಅದು ನಿಜಕ್ಕೂ ಉಪಕಾರಿ. ಬಲೆಯಂಥ ಅಂಟು ಬಳಸುವುದಾದರೆ ಕಾಗದದ ಮೇಲೆ ಚಿತ್ರವನ್ನು ಎಡಬಲ ತಿರುಗಿಸಿ ಬರೆಯಬೇಕು, ಇಲ್ಲದಿದ್ದರೆ ಗಿಳಿ ಆಚೆ ಕಡೆ ನೋಡುತ್ತದೆ. ಬರೆದಾದ ಮೇಲೆ ನಡುವಿನ ಕಾಗದವನ್ನು ಅಂಟಿನ ಸಮೇತ ಕತ್ತರಿಸಿ ತೆಗೆದು, ಗೆರೆಯ ಸುತ್ತ ಅರ್ಧ ಬೆರಳಿನಷ್ಟು ಅಂಚು ಮಾತ್ರ ಉಳಿಸಿ. ಅಂಟು ಅಂಚಿಗಷ್ಟೇ ಸಿಗುತ್ತದೆ, ನಡು ಬಟ್ಟೆಯಾಗಿಯೇ ಉಳಿಯುತ್ತದೆ.

ಇನ್ನೊಂದು ವಿಧಾನ ಪೇಪರ್ ಕ್ಯಾನ್ವಾಸಿನದು. ನನಗೆ ಹೆಚ್ಚು ಹಿಡಿಸಿದ್ದು ಇದೇ, ಯಾಕೆಂದರೆ ಕತ್ತರಿಸಿದ ಬಾಯಿ ಹೊರಗೆ ಕಾಣುವುದೇ ಇಲ್ಲ. ತೆಳು ಹಾಳೆಯ ಅಂಟಿನ ಮಗ್ಗುಲು ಬಟ್ಟೆಯ ಮೇಲ್ಮೈಗೆ ತಾಗುವಂತೆ ಇಟ್ಟು, ಇಸ್ತ್ರಿ ಮಾಡದೆ, ಆಕಾರದ ಸುತ್ತ ಹೊಲಿಯಬೇಕು. ಹೊಲಿಗೆಯಿಂದ ಸ್ವಲ್ಪ ಹೊರಗೆ ಕತ್ತರಿಸಿ, ಹಾಳೆಯ ನಡುವೆ ಒಂದು ಸೀಳು ಮಾಡಿ, ಅದರಿಂದ ಒಳಗಿನದನ್ನು ಹೊರಗೆ ತಿರುಗಿಸಬೇಕು. ಈಗ ಅಂಚು ತಾನೇ ಮಡಚಿಕೊಂಡಿದೆ, ಅಂಟು ಹಿಂದಕ್ಕೆ ಬಂದಿದೆ. ಕೌದಿಯ ಮೇಲಿಟ್ಟು ಒತ್ತಿದರೆ ಕೂರುತ್ತದೆ. ಉಳಿದದ್ದು ಸೂಜಿಯ ಕೆಲಸ.

ಇಸ್ತ್ರಿಯನ್ನು ಅಂಗಿಯ ಮೇಲೆ ಎಳೆದಾಡಿದಂತೆ ಎಳೆದಾಡಬಾರದು. ಇಟ್ಟು, ಒತ್ತಿ, ಹತ್ತು ಹದಿನೈದು ಸೆಕೆಂಡು ಬಿಟ್ಟು, ಎತ್ತಿ ಪಕ್ಕಕ್ಕಿಡಬೇಕು. ಆರುವ ಮುಂಚೆ ಅಲುಗಿಸಿದರೆ ಹಿಡಿತ ಸಡಿಲ. ಇಸ್ತ್ರಿಯ ಚುಕ್ಕೆಗಳಲ್ಲಿ ಒಂದು ಚುಕ್ಕೆಗೆ ಸುಮಾರು 110 ಡಿಗ್ರಿ ಸೆಲ್ಸಿಯಸ್, ಎರಡಕ್ಕೆ 150, ಮೂರಕ್ಕೆ 200. ಕೆಂಡದ ಇಸ್ತ್ರಿಗೆ ಈ ಲೆಕ್ಕವಿಲ್ಲ, ಮಧ್ಯೆ ಒಂದು ಹತ್ತಿಬಟ್ಟೆ ಹಾಸಲೇಬೇಕು. ಜಲಪಾತದ ಮಗ್ಗುಲಲ್ಲೇ 1885ರಲ್ಲಿ ನೂಲಿನ ಗಿರಣಿ ಹುಟ್ಟಿದ ಗೋಕಾಕದವರಿಗೆ ಹತ್ತಿ ಯಾವುದೆಂದು ಹೇಳಿಕೊಡುವುದು ಅಧಿಕಪ್ರಸಂಗವಾದೀತು. ಆದರೆ ಇಂದಿನ ಹಳೆಬಟ್ಟೆಯ ಗಂಟಿನಲ್ಲಿ ಪಾಲಿಯೆಸ್ಟರ್ ಸೀರೆಗಳೂ ಬೇಕಾದಷ್ಟು ಇರುತ್ತವೆ, ಅಂಟು ಕರಗಿಸುವ ಕಾವಿಗೆ ಅವು ಮುದುಡಿಯಾವು. ಅನುಮಾನವಿದ್ದರೆ ಒಂದೆಳೆ ಕಿತ್ತು ಸುಟ್ಟು ನೋಡಿ. ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಇಳಕಲ್ ಸೀರೆಯಲ್ಲಿ ಇನ್ನೊಂದು ತೊಡಕು: ಒಡಲು ಹತ್ತಿಯದಾದರೂ ಸೆರಗು ರೇಷ್ಮೆಯದೋ ಆರ್ಟ್ ಸಿಲ್ಕಿನದೋ ಆಗಿರುತ್ತದೆ. ಒಂದೇ ಸೀರೆಯ ಎರಡು ತುಂಡಿಗೆ ಎರಡು ಕಾವು. ಹೊಸ ಹತ್ತಿಬಟ್ಟೆಯನ್ನು ಮೊದಲೇ ಒಗೆದು ಕುಗ್ಗಿಸಿಕೊಳ್ಳಿ, ಗಂಜಿ ಇದ್ದರೆ ಬಿಡಿಸಿಕೊಳ್ಳಿ. ಗಂಜಿಯ ಮೇಲೆ ಅಂಟು ಸರಿಯಾಗಿ ಕೂರುವುದಿಲ್ಲ.

ಗೋಡೆಗೆ ತೂಗುಹಾಕುವ ಕೌದಿಗೆ ಇಷ್ಟೆಲ್ಲ ನಿಯಮ ಬೇಡ. ಅದನ್ನು ಯಾರೂ ಹೊದೆಯುವುದಿಲ್ಲ, ಬಂಡೆಗೆ ಬಡಿಯುವುದಿಲ್ಲ. ಅಲ್ಲಿ ಕಾಲರಿನ ಕ್ಯಾನ್ವಾಸೂ ನಡೆದೀತು. ಹೊದೆಯುವ ಕೌದಿಗಾದರೆ ಅಂಗಡಿಯಲ್ಲಿ ಮೊದಲು ಕಾಲು ಮೀಟರು ಮಾತ್ರ ಕೊಳ್ಳಿ. ಅಂಗೈಯಗಲದ ತುಂಡೊಂದನ್ನು ಅಂಟಿಸಿ, ಹೊಲಿದು, ಮನೆಯಲ್ಲಿ ಹಾಸಿಗೆ ಹೇಗೆ ಒಗೆಯುತ್ತೀರೋ ಹಾಗೆಯೇ ಮೂರು ಸಲ ಬಡಿದು ಒಗೆದು ಒಣಗಿಸಿ. ಗುಳ್ಳೆ ಎದ್ದಿಲ್ಲ, ಮುಷ್ಟಿಯಲ್ಲಿ ಹಿಚುಕಿದರೆ ಸದ್ದಿಲ್ಲ ಎಂದಾದರೆ ಉಳಿದದ್ದನ್ನು ತರಬಹುದು.