ಭಗಿನಿ ಮಂಡಳದ ಉಮಾಬಾಯಿ

ವಿಧವೆಗೆ ಮನೆಯ ಮೂಲೆಯೇ ಗತಿಯೆಂದು ಸಮಾಜವು ನಂಬಿದ್ದ ಕಾಲವದು. 1892ರಲ್ಲಿ ಮಂಗಳೂರಿನಲ್ಲಿ ಜನಿಸಿದ ಉಮಾಬಾಯಿ ಕುಂದಾಪುರ ಅವರಿಗೆ 1923ರಲ್ಲಿ ಪತಿವಿಯೋಗವಾಯಿತು. ಆದರೆ ಮಾವನವರಾದ ಆನಂದರಾಯರು ಸೊಸೆಯನ್ನು ಮೂಲೆಗೆ ನೂಕಲಿಲ್ಲ. ಅವರ ಬೆಂಬಲದಿಂದ ಉಮಾಬಾಯಿಯವರು ಹುಬ್ಬಳ್ಳಿಯಲ್ಲಿ ಭಗಿನಿ ಮಂಡಳವನ್ನು ಕಟ್ಟಿ ಸ್ತ್ರೀಯರನ್ನು ಒಗ್ಗೂಡಿಸಿದರು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನಕ್ಕಾಗಿ ಊರೂರು ಸುತ್ತಿ 150ಕ್ಕೂ ಹೆಚ್ಚು ಸ್ವಯಂಸೇವಕಿಯರನ್ನು ಕಲೆಹಾಕಿದರು; ಅವರಲ್ಲಿ ವಿಧವೆಯರೂ ಇದ್ದರು. 1932ರಲ್ಲಿ ಯರವಡಾ ಸೆರೆಮನೆಯಲ್ಲಿದ್ದಾಗಲೇ ಮಾವನವರು ತೀರಿಕೊಂಡರು. ಮುಂದೆ, ಸೆರೆಯಿಂದ ಬಿಡುಗಡೆಯಾಗಿ ಮನೆಯವರಿಗೆ ಬೇಡವಾದ ಸ್ತ್ರೀಯರಿಗೆ ಉಮಾಬಾಯಿಯವರ ಪುಟ್ಟ ಮನೆಯೇ ತವರಾಯಿತು. ಸ್ವಾತಂತ್ರ್ಯಾನಂತರ ತಾಮ್ರಪತ್ರವನ್ನಾಗಲಿ ಪಿಂಚಣಿಯನ್ನಾಗಲಿ ಅವರು ಸ್ವೀಕರಿಸಲಿಲ್ಲ. 1992ರಲ್ಲಿ ಹುಬ್ಬಳ್ಳಿಯಲ್ಲಿಯೇ ಕಣ್ಮುಚ್ಚಿದರು. ಅವರಿದ್ದ ಮನೆಯ ಹೆಸರು ‘ಆನಂದ ಸ್ಮೃತಿ’.