‘ಮನ್ಯಾಗೇ ಇರ್ತೀನಿ’ ಎನ್ನುವವರ ಕೆಲಸ

ಆಸ್ಪತ್ರೆಯ ಚೀಟಿಯಲ್ಲಿ ಹೆಸರು, ವಯಸ್ಸು ಆದ ಮೇಲೆ ‘ಉದ್ಯೋಗ’ ಎಂಬ ಒಂದು ಜಾಗ ಇರುತ್ತದೆ. ನಮ್ಮ ಬಳ್ಳಾರಿಯಲ್ಲಿ ಹೆಣ್ಣುಮಕ್ಕಳನ್ನು ಏನು ಕೆಲಸ ಮಾಡುತ್ತೀರಿ ಎಂದು ಕೇಳಿದರೆ ಹೆಚ್ಚಿನವರು ಕೊಡುವ ಉತ್ತರ ಒಂದೇ: ‘ಏನಿಲ್ಲ ಸಾರ್, ಮನ್ಯಾಗೇ ಇರ್ತೀನಿ.’ ಚೀಟಿ ಬರೆಯುವವರು ‘ಗೃಹಿಣಿ’ ಎಂದು ಬರೆದು ಮುಂದಿನವರನ್ನು ಕರೆಯುತ್ತಾರೆ. ರೋಗದ ಅರ್ಧ ಕಥೆ ಅಲ್ಲಿಯೇ ಕಳೆದುಹೋಗುತ್ತದೆ ಎಂಬುದು ನನ್ನ ಅಭಿಪ್ರಾಯ.

‘ಬೆಳಿಗ್ಗೆ ಎದ್ದಾಗಿನಿಂದ ಏನೇನು ಮಾಡಿದಿರಿ?’ ಎಂದು ಎರಡನೆಯ ಪ್ರಶ್ನೆ ಕೇಳಿ ನೋಡಿ. ನಲ್ಲಿಯಲ್ಲಿ ನೀರು ಬಿಡುವ ದಿನವಾದರೆ ನಸುಕಿನಲ್ಲೇ ಎದ್ದು ಕೊಡ, ಡ್ರಮ್ಮು ತುಂಬಿಸಿದ್ದಾಗಿರುತ್ತದೆ. ಮಕ್ಕಳ ಡಬ್ಬಿ, ಗಂಡನ ಬುತ್ತಿ, ಅತ್ತೆಯ ಸ್ನಾನ ಮತ್ತು ಮಾತ್ರೆ, ಪಾತ್ರೆ, ಬಟ್ಟೆ. ಇಷ್ಟಾಗುವ ಹೊತ್ತಿಗೆ ಜೀನ್ಸ್ ಪ್ಯಾಂಟಿನ ಬಂಡಲ್ ಮನೆ ಬಾಗಿಲಿಗೆ ಬಂದಿರುತ್ತದೆ. ಕೌಲ್ ಬಜಾರ್ ಮುಂತಾದ ಕಡೆಗಳಲ್ಲಿ ಎಷ್ಟೋ ಮನೆಗಳ ಪಡಸಾಲೆಯೇ ಕಾರ್ಖಾನೆ. ಕೆಲವರು ಯಂತ್ರ ಇಟ್ಟುಕೊಂಡು ಹೊಲಿಯುತ್ತಾರೆ. ಕೆಲವರು ಹೊಲಿದು ಬಂದ ಪ್ಯಾಂಟಿನ ದಾರ ಕತ್ತರಿಸುತ್ತಾರೆ, ಗುಂಡಿ ಹಚ್ಚುತ್ತಾರೆ. ಕೂಲಿ ಪೀಸಿನ ಲೆಕ್ಕ. ನಡುವೆ ಎದ್ದು ಅನ್ನಕ್ಕೆ ಇಡಬೇಕು, ಮಗುವನ್ನು ಮಲಗಿಸಬೇಕು. ರಾತ್ರಿ ಎಲ್ಲರ ಊಟವಾದ ಮೇಲೆ ಉಳಿದ ಪೀಸುಗಳನ್ನು ಮುಗಿಸಬೇಕು. ಇಷ್ಟನ್ನೂ ಹೇಳಿ ಮುಗಿಸಿದ ಮೇಲೂ ಆಕೆ, ‘ಅದೇನು ಕೆಲಸ ಬಿಡ್ರಿ’ ಎನ್ನುತ್ತಾಳೆ.

ಕುರುಗೋಡಿನ ಕಡೆಯ ರೈತರ ಮನೆಗಳಲ್ಲಿ ಇದೇ ಮಾತು ಬೇರೆ ರೂಪದಲ್ಲಿ ಬರುತ್ತದೆ. ಅಲ್ಲಿ ಸುಗ್ಗಿಯಲ್ಲಿ ಅಂಗಳದ ತುಂಬ ಮೆಣಸಿನಕಾಯಿ ಹರವಿರುತ್ತದೆ. ಕುಕ್ಕರಗಾಲಲ್ಲಿ ಕುಳಿತು ಗಂಟೆಗಟ್ಟಲೆ ಆರಿಸುವುದು, ಘಾಟಿಗೆ ಕೆಮ್ಮುವುದು, ಉರಿಯುವ ಕೈಯಲ್ಲೇ ಹಿಟ್ಟು ನಾದುವುದು ಹೆಂಗಸರ ಪಾಲಿನದು. ಅದೂ ‘ಮನೆಯಲ್ಲೇ ಇರುವುದು’.

ಇನ್ನು ಸಿರುಗುಪ್ಪದಂಥ ಭತ್ತದ ಸೀಮೆಗೂ 2020ರ ಲಾಕ್‌ಡೌನಿನಲ್ಲಿ ಬೆಂಗಳೂರಿನಿಂದ ಕಂಪ್ಯೂಟರ್ ಕೆಲಸದ ಮಕ್ಕಳು ಊರಿಗೆ ಬಂದು, ಮನೆಯಿಂದಲೇ ನೌಕರಿ ಮಾಡಿದರು. ಆಗ ಒಂದು ವಿಚಿತ್ರ ಕಂಡುಬಂತು. ಮಗ ಲ್ಯಾಪ್‌ಟಾಪ್ ತೆರೆದು ಕುಳಿತರೆ ಮನೆಯವರೆಲ್ಲ ಬೆಕ್ಕಿನ ಹೆಜ್ಜೆ ಇಟ್ಟರು. ‘ಮೀಟಿಂಗ್ ಐತಿ, ಗದ್ದಲ ಮಾಡಬ್ಯಾಡ್ರಿ’ ಎಂದರು. ಕುಳಿತಲ್ಲಿಗೇ ಚಹಾ ಹೋಯಿತು. ಅದೇ ಕಂಪನಿಯಲ್ಲಿ ಅದೇ ಸಂಬಳದ ಸೊಸೆ ನಾಷ್ಟಾ ಮುಗಿಸಿ, ಮಾವನಿಗೆ ಇನ್ಸುಲಿನ್ ಚುಚ್ಚಿ ಆಮೇಲೆ ಲ್ಯಾಪ್‌ಟಾಪ್ ತೆರೆಯಬೇಕಾಯಿತು. ಕುಕ್ಕರಿನ ಸೀಟಿ ಎಣಿಸುವ ಜವಾಬ್ದಾರಿಯೂ ಅವಳದ್ದೇ. ದಾರ ಕತ್ತರಿಸುವವಳಿಗೂ ಇಂಗ್ಲಿಷಿನಲ್ಲಿ ಮೀಟಿಂಗ್ ಮಾಡುವವಳಿಗೂ ಈ ವಿಷಯದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಇವತ್ತಿಗೂ ವಾರದಲ್ಲಿ ಕೆಲವು ದಿನ ಮನೆಯಿಂದ ದುಡಿಯುವವರು ಇದನ್ನು ಬಲ್ಲರು.

ಇದು ನಮ್ಮ ಜಿಲ್ಲೆಯೊಂದರ ಮಾತಲ್ಲ. ಕೇಂದ್ರ ಸರ್ಕಾರ 2024ರಲ್ಲಿ ನಡೆಸಿದ ಕಾಲ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಅದಕ್ಕೆ ಕೊಡುತ್ತಾರೆ. ಗಂಡಸರು 88 ನಿಮಿಷ. ಈ 88 ನಿಮಿಷವೂ ಮನೆಗೆಲಸಕ್ಕೆ ಕೈ ಹಾಕಿದ ಗಂಡಸರ ಲೆಕ್ಕ ಮಾತ್ರ. ಅಂಥವರು ನೂರಕ್ಕೆ ಸುಮಾರು 27 ಮಂದಿ. ಮಕ್ಕಳು, ವೃದ್ಧರು, ರೋಗಿಗಳ ಆರೈಕೆಯ ಸಮಯ ಇದರ ಮೇಲೆ ಬೇರೆ.

ಹೀಗೆ ದುಡಿದ ಮೈ ವೈದ್ಯರ ಮುಂದೆ ಏನು ಹೇಳುತ್ತದೆ? ಮೊದಲು ಕೈ. ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಎಚ್ಚರವಾಗುತ್ತದೆ, ಕೈ ಜಾಡಿಸಿದರೆ ಸ್ವಲ್ಪ ಹಗುರಾಗುತ್ತದೆ ಎನ್ನುತ್ತಾರೆ. ನಮ್ಮ ಮಣಿಕಟ್ಟಿನಲ್ಲಿ ಒಂದು ಇಕ್ಕಟ್ಟಾದ ಸುರಂಗವಿದೆ. ಬೆರಳು ಮಡಿಸುವ ಸ್ನಾಯುರಜ್ಜುಗಳೂ ಒಂದು ಮುಖ್ಯ ನರವೂ ಅದರೊಳಗಿಂದಲೇ ಹಾಯುತ್ತವೆ. ಕತ್ತರಿ ಹಿಡಿದು ದಿನವಿಡೀ ಒಂದೇ ಚಲನೆ ಮಾಡಿದಾಗ ಅಲ್ಲಿ ಊತ ಬಂದು ನರ ಒತ್ತಿಹೋಗಬಹುದು. ಸಕ್ಕರೆ ಕಾಯಿಲೆ, ಥೈರಾಯಿಡ್ ಕೊರತೆ ಇದ್ದವರಲ್ಲಿ, ಬಸುರಿಯರಲ್ಲಿ ಇದು ಇನ್ನೂ ಬೇಗ ಕಾಣಿಸಿಕೊಳ್ಳುತ್ತದೆ. ರಾತ್ರಿ ಮಣಿಕಟ್ಟು ಮಡಿಯದಂತೆ ಪಟ್ಟಿ ಕಟ್ಟಿಕೊಂಡು, ಹಗಲು ಕೆಲಸ ಕಡಿಮೆ ಮಾಡಿದರೆ ಆರಂಭದಲ್ಲಿ ಬಹಳಷ್ಟು ಜನರಿಗೆ ಗುಣ ಕಾಣುತ್ತದೆ. ಹೆಬ್ಬೆರಳಿನ ಬುಡದ ಮಾಂಸ ಕರಗುವವರೆಗೆ ಕಾದರೆ ಶಸ್ತ್ರಚಿಕಿತ್ಸೆಯಿಂದಲೂ ಪೂರ್ತಿ ಬಲ ಬಾರದಿರಬಹುದು.

ಸೊಂಟ, ಕುತ್ತಿಗೆಯ ನೋವನ್ನು ಕುರಿತು ಹೆಚ್ಚು ಹೇಳಬೇಕಿಲ್ಲ. ನೆಲದ ಮೇಲೆ ಬಾಗಿ ಕೂರುವ ಬದಲು ಗೋಡೆಗೆ ಒರಗಿ, ಪ್ಯಾಂಟನ್ನು ಎತ್ತರದ ಮಣೆಯ ಮೇಲಿಟ್ಟುಕೊಳ್ಳುವುದು, ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಓಡಾಡುವುದು, ಇಷ್ಟರಿಂದಲೇ ಉಪಯೋಗವಿದೆ. ಕಂಪ್ಯೂಟರಿನವರು ಮಂಚದ ಮೇಲೆ ಕುಳಿತು ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಳ್ಳುವುದನ್ನು ಬಿಡಬೇಕು.

ಆದರೆ ನೋವಿನ ಮಾತ್ರೆಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಔಷಧ ಅಂಗಡಿಯಲ್ಲಿ ‘ಮೈಕೈ ನೋವಿಗೆ ಒಂದು ಗುಳಿಗಿ ಕೊಡ್ರಿ’ ಎಂದು ಕೇಳಿ, ನುಂಗಿ, ಮತ್ತೆ ಬಂಡಲ್ ಮುಂದೆ ಕೂರುವುದು ಎಷ್ಟೋ ಮನೆಗಳಲ್ಲಿ ಚಹಾ ಕುಡಿದಷ್ಟು ಸಹಜವಾಗಿದೆ. ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ಮಾತ್ರೆಗಳನ್ನು ತಿಂಗಳುಗಟ್ಟಲೆ ತೆಗೆದುಕೊಂಡರೆ ಜಠರದಲ್ಲಿ ಹುಣ್ಣಾಗಿ ರಕ್ತ ಸೋರಬಹುದು, ರಕ್ತದೊತ್ತಡ ಏರಬಹುದು, ಮೂತ್ರಪಿಂಡ ಹಾಳಾಗಬಹುದು. ಬಳ್ಳಾರಿಯ ಬೇಸಿಗೆಯಲ್ಲಿ, ನೀರು ಸಾಲದ ದೇಹದಲ್ಲಿ ಮೂತ್ರಪಿಂಡದ ಅಪಾಯ ಇನ್ನೂ ಹೆಚ್ಚು. ಮೂತ್ರಪಿಂಡ ಬಹಳ ದಿನ ಸದ್ದಿಲ್ಲದೆ ಸವೆಯುತ್ತದೆ. ಕಾಲು ಊದಿಕೊಳ್ಳುವ ಹೊತ್ತಿಗೆ ತುಂಬ ತಡವಾಗಿರುತ್ತದೆ. ಪೀಸಿನ ಕೂಲಿಯಲ್ಲಿ ದುಡಿದು, ಕೊನೆಗೆ ಡಯಾಲಿಸಿಸ್ ಯಂತ್ರದ ಮುಂದೆ ಕೂರುವುದು ಯಾವ ಲೆಕ್ಕಾಚಾರ?

ನೀರಿನ ಮಾತು ಬಂದದ್ದರಿಂದ ಇನ್ನೊಂದನ್ನೂ ಹೇಳಿಬಿಡುತ್ತೇನೆ. ಎದ್ದರೆ ಪೀಸು ಕಡಿಮೆಯಾಗುತ್ತದೆ ಎಂದು ನೀರು ಕುಡಿಯದವರು, ಮೂತ್ರ ತಡೆದುಕೊಂಡು ಕೂರುವವರು ಬಹಳ. ಹೆಂಗಸರ ಮೂತ್ರನಾಳ ಚಿಕ್ಕದು, ಸೋಂಕು ಒಳಗೆ ಹತ್ತುವುದು ಸುಲಭ. ಉರಿಮೂತ್ರದ ಜೊತೆಗೆ ಚಳಿಜ್ವರ, ಪಕ್ಕೆ ನೋವು, ವಾಂತಿ ಬಂದರೆ ಎಳನೀರು ಕುಡಿದು ಕಾಯಬೇಡಿ, ಅಂದೇ ವೈದ್ಯರನ್ನು ಕಾಣಿ.

ನಂತರ ರಕ್ತ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ, ಕರ್ನಾಟಕದಲ್ಲಿ ಸುಮಾರು 48 ಮಂದಿಗೆ ರಕ್ತಹೀನತೆ ಕಂಡುಬಂತು. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವವಳ ತಟ್ಟೆಯಲ್ಲಿ ಅನ್ನ ಸಾರು ಉಳಿದಿರುತ್ತದೆ, ಪಲ್ಯ ಕಾಳು ಮುಗಿದಿರುತ್ತದೆ. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆಯಿದ್ದು ಮೆಟ್ಟಿಲು ಹತ್ತಿದರೆ ಎದೆ ಹೊಡೆದುಕೊಳ್ಳುವವಳನ್ನು ನಾವು ‘ಸೋಮಾರಿ’ ಎನ್ನುತ್ತೇವೆ. ಕಬ್ಬಿಣಾಂಶದ ಮಾತ್ರೆ ಕೊಟ್ಟರೆ ಮಲ ಕಪ್ಪಾಯಿತೆಂದು ಹೆದರಿ ಬಿಡುವವರೂ ಇದ್ದಾರೆ, ಕಪ್ಪಾಗುವುದು ಸಹಜ. ಚಹಾದ ಜೊತೆ ಮಾತ್ರ ನುಂಗಬೇಡಿ, ನಿಂಬೆಹಣ್ಣಿನ ನೀರಿನ ಜೊತೆ ನುಂಗಿ.

ಎಲ್ಲಕ್ಕಿಂತ ಕಷ್ಟದ್ದು ಹಾಸಿಗೆ ಹಿಡಿದವರ ಆರೈಕೆ. ಲಕ್ವ ಹೊಡೆದು ಮಲಗಿದವರನ್ನು ಬೆನ್ನು ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂದು ನಾವು ವೈದ್ಯರು ಚೀಟಿಯಲ್ಲಿ ಬರೆದುಕೊಡುತ್ತೇವೆ. ರಾತ್ರಿ ಎರಡು ಗಂಟೆಗೊಮ್ಮೆ ಏಳುವವರು ಯಾರು ಎಂದು ಚೀಟಿಯಲ್ಲಿ ಇರುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ. ಅರವತ್ತು ಕೆ.ಜಿ. ತೂಕದ ಮಾವನನ್ನು ನಲವತ್ತೈದು ಕೆ.ಜಿ. ತೂಕದ ಸೊಸೆ ಒಬ್ಬಳೇ ಎತ್ತಿದರೆ ಅವಳ ಬೆನ್ನೂ ಹೋಗುತ್ತದೆ. ಎತ್ತಬಾರದು, ಕೆಳಗೆ ದಪ್ಪ ಚಾದರ ಹಾಸಿ, ಇಬ್ಬರು ಎರಡು ಬದಿಯಲ್ಲಿ ಹಿಡಿದು ಸರಿಸಬೇಕು. ಆ ಎರಡನೆಯವರು ಮನೆಯ ಮಗನೇ ಆಗಬೇಕೆಂದು ನಾನು ಒತ್ತಾಯ ಮಾಡುತ್ತೇನೆ. ಹೆತ್ತ ತಾಯಿಯ ಹಾಸಿಗೆ ಬದಲಿಸುವುದರಲ್ಲಿ ನಾಚಿಕೆ ಏನಿದೆ?

ಆರೈಕೆ ಮಾಡುವವರಿಗೆ ತಮ್ಮ ಬಿ.ಪಿ., ಸಕ್ಕರೆ ನೋಡಿಸಿಕೊಳ್ಳಲು ಪುರುಸೊತ್ತಿರುವುದಿಲ್ಲ. ತಿಂಗಳುಗಟ್ಟಲೆ ನಿದ್ದೆಗೆಟ್ಟಾಗ ಸಿಟ್ಟು, ಅಳು, ಯಾವುದರಲ್ಲೂ ಮನಸ್ಸಿಲ್ಲದಿರುವುದು ಬರುತ್ತದೆ. ಎರಡು ವಾರಕ್ಕಿಂತ ಹೆಚ್ಚು ದಿನ ಹೀಗಿದ್ದರೆ ಅದು ಕೆಟ್ಟ ಸ್ವಭಾವವಲ್ಲ, ಖಿನ್ನತೆಯ ಕಾಯಿಲೆ ಇರಬಹುದು. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು.

‘ನಮ್ಮವ್ವ ಇಷ್ಟೆಲ್ಲ ಮಾಡಿಕೊಂಡೇ ಎಂಬತ್ತು ವರ್ಷ ಗಟ್ಟಿಯಾಗಿದ್ದಳು’ ಎಂಬ ಮಾತನ್ನು ನಾನು ಬಹಳ ಕೇಳಿದ್ದೇನೆ. ಇರಬಹುದು. ಆಗ ಮನೆಯಲ್ಲಿ ಓರಗಿತ್ತಿಯರು, ನಾದಿನಿಯರು ನಾಲ್ಕು ಕೈ ಇದ್ದವು; ಬಂಡಲ್ ಇರಲಿಲ್ಲ. ಜೊತೆಗೆ, ನಲವತ್ತಕ್ಕೇ ತೀರಿಕೊಂಡ ಅವ್ವಂದಿರ ಮಾತನ್ನು ಯಾರೂ ಉದಾಹರಣೆಯಾಗಿ ಹೇಳುವುದಿಲ್ಲ. ಬಿಸಿಲಲ್ಲಿ ಹಮಾಲಿ ಮಾಡಿ, ಆಟೋ ಓಡಿಸಿ ದಣಿದು ಬರುವ ಗಂಡಸಿನ ಕಷ್ಟವನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ ಅವನ ದಣಿವಿಗೆ ಮನೆಯಲ್ಲಿ ಒಂದು ಹೆಸರಿದೆ, ಒಂದು ಲೋಟ ನೀರಿದೆ. ಇವಳ ದಣಿವಿಗೆ ಅದೂ ಇಲ್ಲ.

‘ನಾನೂ ಆಗಾಗ ಹೆಲ್ಪ್ ಮಾಡ್ತೀನಿ ಸಾರ್’ ಎನ್ನುವ ಯಜಮಾನರಿಗೆ ಒಂದು ಸಲಹೆ. ಆಗಾಗ ಮಾಡುವ ಸಹಾಯ ಬೇಡ. ಒಂದು ಕೆಲಸವನ್ನು ಪೂರ್ತಿ ನಿಮ್ಮದಾಗಿ ಮಾಡಿಕೊಳ್ಳಿ. ನೀರು ತುಂಬುವುದೋ, ರಾತ್ರಿಯ ಪಾತ್ರೆಯೋ, ಅಪ್ಪನ ಮಾತ್ರೆ ಮತ್ತು ರಾತ್ರಿಯ ಸರದಿಯೋ, ಯಾವುದಾದರೂ ಸರಿ. ಅವಳು ನೆನಪಿಸಬೇಕಾದ ಪ್ರಸಂಗ ಬರಬಾರದು. ಗಂಡುಮಕ್ಕಳಿಗೂ ಹತ್ತು ವರ್ಷದಿಂದಲೇ ತಮ್ಮ ತಟ್ಟೆ ತೊಳೆಯುವುದು ರೂಢಿಯಾಗಲಿ. ಮತ್ತು ಎಲ್ಲರೂ ಒಟ್ಟಿಗೆ ಕುಳಿತು ಉಣ್ಣಿ. ಈ ಒಂದು ಬದಲಾವಣೆಯಿಂದ ಆಗುವ ರಕ್ತವೃದ್ಧಿ ಕಡಿಮೆಯದಲ್ಲ.

ಸರ್ಕಾರದ ಪಾಲೂ ಇದೆ. ಮನೆಯಲ್ಲಿ ಕೂಲಿ ಮಾಡುವವರಿಗಾಗಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1996ರಲ್ಲೇ ಒಂದು ಒಪ್ಪಂದ ಮಾಡಿತು. ಭಾರತ ಇನ್ನೂ ಅದನ್ನು ಅನುಮೋದಿಸಿಲ್ಲ. 2021ರಲ್ಲಿ ಆರಂಭವಾದ ಇ-ಶ್ರಮ್ ನೋಂದಣಿಗೆ ಮನೆಯಲ್ಲಿ ಪೀಸಿನ ಕೆಲಸ ಮಾಡುವ 16ರಿಂದ 59 ವರ್ಷದವರೂ ಅರ್ಹರು. ಸಾಮಾನ್ಯ ಸೇವಾ ಕೇಂದ್ರದಲ್ಲಿ ಆಧಾರ್ ತೋರಿಸಿ ಮಾಡಿಸಿಕೊಳ್ಳಿ.

ಮುಂದಿನ ಸಲ ವೈದ್ಯರ ಬಳಿ ಹೋದಾಗ ದಿನಕ್ಕೆ ಎಷ್ಟು ಗಂಟೆ ಕೂರುತ್ತೀರಿ, ಯಾವ ಕೆಲಸ, ಕತ್ತರಿಯೋ ಯಂತ್ರವೋ ಕಂಪ್ಯೂಟರೋ, ರಾತ್ರಿ ಎಷ್ಟು ಸಲ ಏಳುತ್ತೀರಿ, ವಾರಕ್ಕೆ ಎಷ್ಟು ನೋವಿನ ಮಾತ್ರೆ ನುಂಗುತ್ತೀರಿ, ಇಷ್ಟನ್ನು ಕೇಳದಿದ್ದರೂ ಹೇಳಿ. ನುಂಗುತ್ತಿರುವ ಮಾತ್ರೆಯ ಹೆಸರು ಗೊತ್ತಿಲ್ಲದಿದ್ದರೆ ಖಾಲಿ ಪಟ್ಟಿಯನ್ನೇ ತೆಗೆದುಕೊಂಡು ಹೋಗಿ. ಮೂರು ತಿಂಗಳಿಂದ ನುಂಗುತ್ತಿದ್ದರೆ ರಕ್ತದ ಕ್ರಿಯಾಟಿನಿನ್ ಮತ್ತು ಮೂತ್ರ ಪರೀಕ್ಷೆ ಮಾಡಿಸಬೇಕೇ ಎಂದು ನೀವಾಗಿಯೇ ಕೇಳಿ.